ಅಪ್‌ಡೇಟ್: ಕೊರೋನಾ ಕಾಲದ ನಗೆಪ್ರಸಂಗಗಳನ್ನು ಸಭೆಯಲ್ಲಿ ಓದಿದೆ

ಮನೆಯವರನ್ನು ಕಳೆದುಕೊಂಡವರೂ ಇರುವ ಸಭೆಯಲ್ಲಿ ಕೊರೋನಾ ಕಾಲದ ಸ್ವಚ್ಛತೆ, ಅಭಾವಗಳ ಕುರಿತು ನಗಿಸುವುದು ಸರಿಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಸಲಹೆಯಂತೆ ಸಾವುನೋವನ್ನು ಮುಟ್ಟದೆ, ದಿನನಿತ್ಯದ ಪರದಾಟವನ್ನಷ್ಟೇ ಆರಿಸಿಕೊಂಡು, ಮುಂಬಯಿಯ ಮಾಟುಂಗಾದ ಕನ್ನಡಿಗರ ಕೂಟದಲ್ಲಿ ಓದಿದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 200 ಮಿ.ಲೀ. ಸ್ಯಾನಿಟೈಸರ್‌ಗೆ 100 ರೂಪಾಯಿಯ ಮಿತಿ ಹಾಕಿದಾಗ, ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಬೆಲೆಯಿತ್ತು, ಬಾಟಲಿಯಿರಲಿಲ್ಲ ಎಂಬಲ್ಲಿ ಮೊದಲ ನಗು ಬಂತು. ಹಾಲಿನ ಪ್ಯಾಕೆಟ್ಟನ್ನು ಸೋಪಿನಿಂದ ತೊಳೆದು ಬಾಲ್ಕನಿಯಲ್ಲಿ ಒಣಗಿಸಿದ ಪ್ರಸಂಗ ಕೇಳಿ, ಹಿರಿಯರೊಬ್ಬರು ತಾವು ನೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದುದನ್ನು ಎದ್ದು ನಿಂತು ಹೇಳಿದರು. ನಾನು ಅತ್ಯಂತ ಅಳುಕಿದ್ದು ಪತಿಯನ್ನು ಕಳೆದುಕೊಂಡ ಅಕ್ಕನೊಬ್ಬರ ವಿಷಯದಲ್ಲಿ. ಅವರೇ, “ನಮ್ಮ ಮನೆಯವರೂ ಹಾಗೇ, 20 ಸೆಕೆಂಡು ಎಣಿಸಿ ಕೈ ತೊಳೆದು ಮುಗಿಸದೆ ಯಾರನ್ನೂ ನಲ್ಲಿ ಬಿಟ್ಟು ಕದಲಗೊಡುತ್ತಿರಲಿಲ್ಲ” ಎಂದು ನಕ್ಕರು. ಅವರ ಒಪ್ಪಿಗೆ ಪಡೆದು ಅದನ್ನೂ ಬರಹಕ್ಕೆ ಸೇರಿಸಿದ್ದೇನೆ.