ನಾರ್ನಿಯಾದ ಬೀರು ಒಮ್ಮೆ ದಾರಿ ಬಿಟ್ಟು ಇನ್ನೊಮ್ಮೆ ಬರೀ ಹಲಗೆಯಾಗುವುದೇಕೆ?

ಪ್ರಶ್ನೆ: ಮೈಸೂರಿನ ತಾಯಿ

ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಮಾಲೆಯಲ್ಲಿ ಮೊದಲು ಪ್ರಕಟವಾದ, 1950ರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಪುಸ್ತಕವನ್ನು ಒಂಬತ್ತು ವರ್ಷದ ಮಗಳಿಗೆ ರಾತ್ರಿ ಊಟವಾದ ಮೇಲೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅದರಲ್ಲಿ ಲೂಸಿ ಎಂಬ ಹುಡುಗಿ ಬೀರುವಿನೊಳಗಿನಿಂದ ನಾರ್ನಿಯಾ ಎಂಬ ಮಾಯಾಲೋಕದ ಹಿಮದ ಕಾಡಿಗೆ ಹೋಗಿ ಮರಳಿ ಬಂದು, ನಾನು ಅಲ್ಲಿ ಗಂಟೆಗಟ್ಟಲೆ ಇದ್ದೆ ಎಂದು ಅಣ್ಣಂದಿರಿಗೂ ಅಕ್ಕನಿಗೂ ಹೇಳುತ್ತಾಳೆ. ಅವರು ಬೀರುವಿನ ಬಾಗಿಲು ತೆರೆದು, ಕೋಟುಗಳನ್ನು ಸರಿಸಿ, ಹಿಂಬದಿಯ ಹಲಗೆಯನ್ನು ಬೆರಳ ಗಂಟಿನಿಂದ ತಟ್ಟಿ ನೋಡುತ್ತಾರೆ, ಅಲ್ಲಿ ಗಟ್ಟಿ ಮರವಲ್ಲದೆ ಬೇರೇನೂ ಇರುವುದಿಲ್ಲ. ಕಥೆ ಇಲ್ಲಿಗೆ ಬಂದಾಗ ಮಗಳಿಗೆ ಬಹಳ ಸಿಟ್ಟು ಬಂತು. “ಲೂಸಿ ಸುಳ್ಳು ಹೇಳಲಿಲ್ಲ ಅಂತ ನನಗೆ ಗೊತ್ತು, ಆದರೆ ಬೀರು ಯಾಕೆ ಅವಳನ್ನ ಸುಳ್ಳಿ ಮಾಡಿತು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಬಾಗಿಲಿಗೆ ಕಥೆಯೊಳಗೆ ಏನಾದರೂ ನಿಯಮವಿದೆಯೇ, ಅಥವಾ ಕಥೆ ಮುಂದುವರಿಯಲೆಂದು ಲೇಖಕರು ತಮಗೆ ಬೇಕಾದಾಗ ತೆರೆದು ಬೇಕಾದಾಗ ಮುಚ್ಚಿದ್ದಾರೆಯೇ? ಬೀರುವಿನ ಮೂಲವನ್ನು ಮುಂದಿನ ಒಂದು ಪುಸ್ತಕದಲ್ಲಿ ವಿವರಿಸಲಾಗಿದೆ ಎಂದು ಕೇಳಿದ್ದೇನೆ. ಅದನ್ನೇ ಮೊದಲು ಓದಿಸುವುದು ಸರಿಯೇ? ಇನ್ನೊಂದು ಚಿಂತೆಯೂ ಇದೆ. ಮಗಳು ಈಗ ನಮ್ಮ ಮನೆಯ ಬೀರುವಿನ ಹಿಂಬದಿಯನ್ನು ತಟ್ಟಿ ನೋಡುತ್ತಿರುತ್ತಾಳೆ.

ಉತ್ತರ: ಶಾಲಾ ಗ್ರಂಥಪಾಲಕಿ

ನಿಯಮವಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಲೂಯಿಸ್ ಅದನ್ನು ಕಥೆಯ ಕೊನೆಯ ಪುಟದವರೆಗೆ ಬಾಯಿಬಿಟ್ಟು ಹೇಳುವುದಿಲ್ಲ. ಮೂರು ಪ್ರವೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅದು ತಾನಾಗಿ ಕಾಣುತ್ತದೆ. ಮೊದಲ ಸಲ ಮಳೆಯ ದಿನ ಮಕ್ಕಳೆಲ್ಲ ತಾವು ತಂಗಿದ್ದ ಪ್ರೊಫೆಸರೊಬ್ಬರ ದೊಡ್ಡ ಮನೆಯನ್ನು ಸುತ್ತಿ ನೋಡುತ್ತಿರುವಾಗ ಲೂಸಿ ಮಾತ್ರ ಆ ಖಾಲಿ ಕೋಣೆಯಲ್ಲಿ ಹಿಂದೆ ಉಳಿದು, ಬೀಗ ಹಾಕಿರಬಹುದು ಎಂದುಕೊಂಡೇ ಬಾಗಿಲನ್ನು ಎಳೆಯುತ್ತಾಳೆ. ಎರಡನೆಯ ಸಲ ಕಣ್ಣಾಮುಚ್ಚಾಲೆ ಆಡುವಾಗ ಅವಳು ಅಡಗಿಕೊಳ್ಳಲು ಒಳಗೆ ಹೋಗುತ್ತಾಳೆ, ಅವಳನ್ನು ಗೇಲಿ ಮಾಡಲೆಂದು ಅಣ್ಣ ಎಡ್ಮಂಡ್ ಹಿಂಬಾಲಿಸುತ್ತಾನೆ. ಮೂರನೆಯ ಸಲ ಮನೆ ನೋಡಲು ಬಂದ ಪ್ರವಾಸಿಗರನ್ನು ಮನೆವಾರ್ತೆಯ ಮೆಕ್ರೀಡಿ ಕೋಣೆಯಿಂದ ಕೋಣೆಗೆ ಕರೆತರುತ್ತಿದ್ದಾಗ, ತಪ್ಪಿಸಿಕೊಳ್ಳಲು ಬೇರೆ ಜಾಗವೇ ಸಿಗದೆ ನಾಲ್ವರೂ ಬೀರುವಿನೊಳಗೆ ನುಗ್ಗುತ್ತಾರೆ. ಆ ಮೂರು ಸಲವೂ ನಾರ್ನಿಯಾವನ್ನು ಪರೀಕ್ಷಿಸಲೆಂದು ಬೀರು ತೆರೆದವರು ಯಾರೂ ಇಲ್ಲ. ನಿಮ್ಮ ಮಗಳಿಗೆ ಸಿಟ್ಟು ತರಿಸಿದ ಸಂದರ್ಭದಲ್ಲಿ ಮಾತ್ರ ಅವರು ಲೂಸಿಯ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಬಂದಿದ್ದರು, ಆಗ ಮಾತ್ರ ಹಲಗೆ ಹಲಗೆಯಾಗಿಯೇ ಉಳಿಯಿತು.

ಕೊನೆಯಲ್ಲಿ ಮಕ್ಕಳು ಮರಳಿ ಬಂದು, ಅಲ್ಲೇ ಬಿಟ್ಟುಬಂದ ನಾಲ್ಕು ಕೋಟುಗಳ ಬಗ್ಗೆ ಪ್ರೊಫೆಸರರಿಗೆ ಹೇಳಲೇಬೇಕಾಗುತ್ತದೆ. ಆಗ ಆ ಹಿರಿಯರು ಕೋಟಿಗಾಗಿ ಆ ದಾರಿಯಲ್ಲಿ ಮತ್ತೆ ಹೋಗಲು ಸಾಧ್ಯವಿಲ್ಲವೆಂದೂ, ಅಲ್ಲಿಗೆ ಹೋಗಬೇಕೆಂದು ಪ್ರಯತ್ನಿಸಲೇ ಬಾರದೆಂದೂ, ಹುಡುಕದೇ ಇರುವಾಗ ಅದು ತಾನಾಗಿ ಒದಗುವುದೆಂದೂ ಹೇಳುತ್ತಾರೆ. ಮುಂದಿನ ಪುಸ್ತಕಗಳಲ್ಲಿ ಲೂಯಿಸ್ ಈ ಮಾತಿಗೆ ನಿಷ್ಠರಾಗಿಯೇ ಇದ್ದಾರೆ. 1951ರ ಪುಸ್ತಕದಲ್ಲಿ ಮಕ್ಕಳನ್ನು ರೈಲ್ವೆ ನಿಲ್ದಾಣದಿಂದಲೇ ಎಳೆದುಕೊಳ್ಳಲಾಗುತ್ತದೆ, 1952ರ ಪುಸ್ತಕದಲ್ಲಿ ಗೋಡೆಯ ಮೇಲಿನ ಹಡಗಿನ ಚಿತ್ರ ಅವರನ್ನು ಒಳಗೆ ಸೆಳೆಯುತ್ತದೆ. ಬೀರು ಮತ್ತೆ ದಾರಿಯಾಗುವುದೇ ಇಲ್ಲ.

ಮಗಳಿಗೆ ಹೇಳುವಾಗ ಇನ್ನೊಂದು ಪುಟವನ್ನು ನಿಧಾನವಾಗಿ ಓದಿ ಹೇಳಿ ಎಂದು ಕೋರುತ್ತೇನೆ. ಲೂಸಿ ಬಾಗಿಲು ತೆರೆದಾಗ ಎರಡು ನುಸಿಗುಳಿಗೆಗಳು ನೆಲಕ್ಕೆ ಬೀಳುತ್ತವೆ. ಅವಳು ತುಪ್ಪಳದ ಕೋಟುಗಳಿಗೆ ಮುಖ ಒತ್ತಿ ಒಳಗೆ ಸರಿಯುತ್ತಾಳೆ, ಮೊದಲ ಸಾಲಿನ ಹಿಂದೆ ಇನ್ನೊಂದು ಸಾಲು ಸಿಗುತ್ತದೆ. ಕಾಲಡಿ ಏನೋ ಪುಡಿಯಾದಂತಾದಾಗ ನುಸಿಗುಳಿಗೆಯಿರಬೇಕೆಂದು ಬಗ್ಗಿ ಮುಟ್ಟುತ್ತಾಳೆ, ಕೈಗೆ ಸಿಕ್ಕಿದ್ದು ತಣ್ಣಗಿನ ಹಿಮ. ಮೆತ್ತನೆಯ ತುಪ್ಪಳ ಇರಬೇಕಾದ ಕಡೆ ಒರಟಾದ ರೆಂಬೆಗಳು ಕೈಗೂ ಕೆನ್ನೆಗೂ ತಾಕುತ್ತವೆ. ಈ ಭಾಗದಲ್ಲಿ ಬೀರು ಮುಗಿದು ಕಾಡು ಆರಂಭವಾದ ಗೆರೆಯನ್ನು ಯಾರೂ ತೋರಿಸಲಾರರು. ಅದಾದ ಬಳಿಕ ಹಿರಿಯಣ್ಣ ಪೀಟರ್ ತಟ್ಟಿದ ಹಲಗೆಯಿಂದ ಬರುವ ಸದ್ದು ಓದುಗರಿಗೂ ಲೂಸಿಯಷ್ಟೇ ನೋವು ಕೊಡುವುದು, ನಾವು ಆ ಹಿಮವನ್ನು ಅವಳ ಜೊತೆಗೇ ಮುಟ್ಟಿದ್ದೇವೆ ಎಂಬ ಕಾರಣಕ್ಕೆ. ನಿಮ್ಮ ಮಗಳ ಸಿಟ್ಟು ಆ ಓದಿನ ನ್ಯಾಯವಾದ ಫಲ.

ಉತ್ತರ: ಇಂಗ್ಲಿಷ್ ಅಧ್ಯಾಪಕ, ಧಾರವಾಡ

ಗ್ರಂಥಪಾಲಕಿಯವರ ವಿವರಣೆಗೆ ಒಂದು ಆಕ್ಷೇಪವಿದೆ. ಎರಡನೆಯ ಸಲ ಲೂಸಿ ಬೀರುವಿನ ಹತ್ತಿರ ಹೋದದ್ದು ಅಡಗಿಕೊಳ್ಳಲು ಮಾತ್ರವಲ್ಲ. ನಾರ್ನಿಯಾ ಬರೀ ಕನಸಾಗಿತ್ತೇ ಎಂಬ ಅನುಮಾನ ಅವಳಿಗೇ ಬಂದಿತ್ತು, ಒಳಗೊಮ್ಮೆ ಇಣುಕಿ ನೋಡುವ ಆಸೆಯೂ ಇತ್ತು. ಆದ್ದರಿಂದ “ಹುಡುಕಿದರೆ ಸಿಗುವುದಿಲ್ಲ” ಎಂಬುದನ್ನು ಯಂತ್ರದ ನಿಯಮದಂತೆ ತೆಗೆದುಕೊಳ್ಳಬಾರದು. ಬಾಗಿಲು ಮಕ್ಕಳ ಅಧೀನದಲ್ಲಿಲ್ಲ ಎಂದಷ್ಟೇ ಹೇಳಬಹುದು. ಮೂರನೆಯ ಸಲದ ವರ್ಣನೆಯಲ್ಲಿ, ಮನೆಯೊಳಗಿನ ಯಾವುದೋ ಮಾಯೆ ಎಚ್ಚೆತ್ತು ಮಕ್ಕಳನ್ನು ನಾರ್ನಿಯಾದತ್ತ ಅಟ್ಟುತ್ತಿತ್ತೇನೋ ಎಂಬ ಸೂಚನೆಯೂ ಇದೆ. ಅಂದರೆ ಯಾರು, ಯಾವಾಗ ಒಳಗೆ ಬರಬೇಕು ಎಂಬ ನಿರ್ಧಾರ ಬಾಗಿಲಿನ ಆಚೆ ಬದಿಯದು.

ಈ ಕಥೆಯ ಮಕ್ಕಳ ಸ್ಥಿತಿಯನ್ನು ನೆನೆದರೆ ಇದು ಇನ್ನಷ್ಟು ಅರ್ಥವಾಗುತ್ತದೆ. ಎರಡನೆಯ ಮಹಾಯುದ್ಧದ ವೈಮಾನಿಕ ದಾಳಿಗೆ ಹೆದರಿ ಲಂಡನ್ನಿನಿಂದ ಹಳ್ಳಿಗಾಡಿಗೆ ಕಳುಹಿಸಲ್ಪಟ್ಟ ಮಕ್ಕಳು ಅವರು. ಅವರು ಬಂದಿಳಿದ ಮನೆ ರೈಲ್ವೆ ನಿಲ್ದಾಣದಿಂದ ಹತ್ತು ಮೈಲಿ, ಅಂಚೆ ಕಚೇರಿಯಿಂದ ಎರಡು ಮೈಲಿ ದೂರದಲ್ಲಿದೆ. 1939ರ ಸೆಪ್ಟೆಂಬರಿನ ಮೊದಲ ಕೆಲವು ದಿನಗಳಲ್ಲಿ ಬ್ರಿಟನ್ ಸರ್ಕಾರ ಸುಮಾರು 15 ಲಕ್ಷ ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ನಗರಗಳಿಂದ ಹೊರಕ್ಕೆ ಸಾಗಿಸಿತು. ಆಕ್ಸ್‌ಫರ್ಡ್ ಬಳಿಯ ಲೂಯಿಸ್ ಅವರ ಮನೆ ‘ದಿ ಕಿಲ್ನ್ಸ್’ಗೂ ಶಾಲಾ ಬಾಲಕಿಯರು ಬಂದು ತಂಗಿದ್ದರು. ಆ ಸುಮಾರಿಗೆ ಅವರು ಬರೆದು ಕೈಬಿಟ್ಟ ಒಂದು ಆರಂಭದಲ್ಲಿ ಮಕ್ಕಳ ಹೆಸರು ಆನ್, ಮಾರ್ಟಿನ್, ರೋಸ್, ಪೀಟರ್ ಎಂದಿತ್ತು. ಎಲ್ಲಿರಬೇಕು, ಯಾವಾಗ ಮರಳಬೇಕು ಎಂಬ ಯಾವ ನಿರ್ಧಾರವೂ ತಮ್ಮ ಕೈಯಲ್ಲಿಲ್ಲದ ಮಕ್ಕಳಿಗೆ ಸಿಕ್ಕ ಬಾಗಿಲೂ ಅವರ ಮಾತು ಕೇಳುವುದಿಲ್ಲ. ಆದರೆ ಆ ಬಾಗಿಲಿನಾಚೆ ಅವರಿಗಾಗಿ ಕಾದಿದ್ದವರಿದ್ದಾರೆ, ನಾಲ್ಕು ಸಿಂಹಾಸನಗಳಿವೆ. ಈ ವ್ಯತ್ಯಾಸ ನನ್ನನ್ನು ಪ್ರತಿ ಓದಿನಲ್ಲೂ ತಟ್ಟುತ್ತದೆ.

ನಾರ್ನಿಯಾವನ್ನು ಹಿಡಿತದಲ್ಲಿಟ್ಟುಕೊಂಡ ಮಾಟಗಾತಿ ಎಡ್ಮಂಡನಿಗೆ ಕೊಡುವ ಟರ್ಕಿಷ್ ಡಿಲೈಟ್ ಎಂಬ ಸಿಹಿಯ ಆಮಿಷವನ್ನೂ ಆ ಕಾಲದ ಓದುಗರ ಕಣ್ಣಿನಿಂದ ನೋಡಬೇಕು. ಪುಸ್ತಕ ಬಂದಾಗ ಬ್ರಿಟನ್ನಿನಲ್ಲಿ ಮಿಠಾಯಿ ಇನ್ನೂ ಪಡಿತರದಲ್ಲಿತ್ತು, ಆ ನಿರ್ಬಂಧ ತೆರವಾದದ್ದು 1953ರಲ್ಲಿ.

ಉತ್ತರ: ಹಳೆಯ ಕಥೆಗಳ ಓದುಗ

ಬೀರುವಿನ ಮೂಲಕ ಬೇರೆ ಲೋಕಕ್ಕೆ ಹೋಗುವ ಕಲ್ಪನೆ ಲೂಯಿಸ್ ಅವರಿಗಿಂತ ಹಿಂದಿನದು. ಅವರು ಬಾಲ್ಯದಿಂದ ಮೆಚ್ಚಿದ್ದ ಈಡಿತ್ ನೆಸ್ಬಿಟ್ ಅವರ ಒಂದು ಸಣ್ಣಕಥೆಯಲ್ಲಿ, ಶಿಕ್ಷೆಗೊಳಗಾಗಿ ಕೋಣೆಯಲ್ಲಿ ಒಂಟಿಯಾಗಿ ಕುಳಿತ ಹುಡುಗಿಯೊಬ್ಬಳು ರೈಲಿನ ವೇಳಾಪಟ್ಟಿ ಓದುತ್ತ, ಅಲ್ಲಿರುವ ದೊಡ್ಡ ಬೀರುವೇ ಒಂದು ನಿಲ್ದಾಣವೆಂದು ಕಂಡುಕೊಳ್ಳುತ್ತಾಳೆ. ಅದು 1912ರ ‘ದಿ ಮ್ಯಾಜಿಕ್ ವರ್ಲ್ಡ್’ ಸಂಕಲನದಲ್ಲಿದೆ.

ಮಗಳಿಗೆ ನಮ್ಮ ಕಿಷ್ಕಿಂಧಾಕಾಂಡದ ಸ್ವಯಂಪ್ರಭೆಯ ಬಿಲವನ್ನೂ ಹೇಳಿ. ಸೀತೆಯನ್ನು ಹುಡುಕುತ್ತ ಬಾಯಾರಿದ ಕಪಿಗಳು, ಗುಹೆಯ ಬಾಯಿಂದ ನೀರಿನಲ್ಲಿ ತೊಯ್ದ ಹಕ್ಕಿಗಳು ಹೊರಬರುವುದನ್ನು ಕಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು ಕತ್ತಲೆಯಲ್ಲಿ ನಡೆದು, ಬಂಗಾರದ ಮರಗಳಿರುವ ಲೋಕಕ್ಕೆ ತಲಪುತ್ತಾರೆ. ಅಲ್ಲೂ ಬಾಗಿಲಿನ ಅಧಿಕಾರ ಒಳಗಿನವರದು: ಒಳಹೊಕ್ಕವರು ತಾವಾಗಿ ಹೊರಬರಲಾರರು, ಕಣ್ಣು ಮುಚ್ಚಿಕೊಳ್ಳಿರೆಂದು ಹೇಳಿ ಸ್ವಯಂಪ್ರಭೆಯೇ ಅವರನ್ನು ದಾಟಿಸಬೇಕು. ಆದರೆ ಕಾಲದ ಲೆಕ್ಕ ತಿರುಗುಮುರುಗಾಗಿದೆ. ನಾರ್ನಿಯಾದಲ್ಲಿ ರಾಜರಾಣಿಯರಾಗಿ ಬೆಳೆದು ವರ್ಷಗಳನ್ನು ಕಳೆದ ಮಕ್ಕಳು ಹೊರಬಿದ್ದಾಗ ಮೆಕ್ರೀಡಿ ಇನ್ನೂ ಅದೇ ಪ್ರವಾಸಿಗರೊಂದಿಗೆ ಮಾತನಾಡುತ್ತಿರುತ್ತಾಳೆ, ಬಿಲದಿಂದ ಹೊರಬಂದ ಕಪಿಗಳಿಗಾದರೋ ಸುಗ್ರೀವ ಕೊಟ್ಟ ಒಂದು ತಿಂಗಳ ಗಡುವು ಮೀರಿಹೋಗಿರುತ್ತದೆ. ಅಂಗದನ ಭಯ ಶುರುವಾಗುವುದೇ ಅಲ್ಲಿಂದ. ಎರಡನ್ನೂ ಕೇಳಿದ ಮಗು, ಕಾಲ ಹೀಗೆ ಬೇರೆಬೇರೆಯಾಗಿ ಸಾಗುವುದೇಕೆ ಎಂಬ ಪ್ರಶ್ನೆಯನ್ನು ತಾನೇ ಎತ್ತೀತು.

ಉತ್ತರ: ಶಾಲಾ ಗ್ರಂಥಪಾಲಕಿ

ಅಧ್ಯಾಪಕರ ಆಕ್ಷೇಪವನ್ನು ಒಪ್ಪುತ್ತೇನೆ, ಬಾಗಿಲು ಮಕ್ಕಳ ಅಧೀನದಲ್ಲಿಲ್ಲ ಎಂಬುದೇ ಹೆಚ್ಚು ಸರಿಯಾದ ಮಾತು.

ತಾಯಿಯವರ ಚಿಂತೆಯ ಬಗ್ಗೆ ಒಂದು ಮಾತು. ಬೀರುವಿನೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವುದು ಮೂರ್ಖತನವೆಂದು ಲೂಯಿಸ್ ಅದೇ ಪುಸ್ತಕದಲ್ಲಿ ಮತ್ತೆಮತ್ತೆ ಹೇಳುತ್ತಾರೆ. ಲೂಸಿ ಬಾಗಿಲನ್ನು ತೆರೆದೇ ಬಿಟ್ಟಿರುತ್ತಾಳೆ, ಎಡ್ಮಂಡ್ ಮುಚ್ಚಿಕೊಳ್ಳುತ್ತಾನೆ, ಪೀಟರ್ ಬಾಗಿಲನ್ನು ಒಳಗಿನಿಂದ ಎಳೆದು ಹಿಡಿಯುತ್ತಾನೆಯೇ ಹೊರತು ಮುಚ್ಚಿಬಿಡುವುದಿಲ್ಲ. ಮಕ್ಕಳ ಸ್ವಭಾವವೂ ಆ ಬಾಗಿಲಿನಲ್ಲೇ ಗೊತ್ತಾಗುತ್ತದೆ. ನಮ್ಮ ಮನೆಗಳ ಉಕ್ಕಿನ ಬೀರುವಿನ ಹಿಡಿ ಹೊರಗಿನಿಂದ ಮಾತ್ರ ತಿರುಗುವಂಥದ್ದು, ಒಳಗೆ ಸಿಕ್ಕಿಕೊಂಡ ಮಗುವಿಗೆ ಗಾಳಿಯೂ ಸಾಲದು, ಕೂಗಿದ ದನಿಯೂ ಸರಿಯಾಗಿ ಕೇಳದು. ಹಲಗೆ ತಟ್ಟಲು ಬಿಡಿ, ಆದರೆ ನೀವು ಜೊತೆಗಿರುವಾಗ ಮಾತ್ರ. ಉಳಿದ ಹೊತ್ತು ಬೀರುವಿಗೆ ಬೀಗ ಹಾಕಿ ಕೀಲಿಯನ್ನು ತೆಗೆದಿಡಿ. ಲೂಸಿಯಂತೆ ಬಾಗಿಲು ತೆರೆದಿಡಬೇಕೆಂಬುದನ್ನು ಮಗಳಿಂದಲೇ ಹೇಳಿಸಿ.

ಮೈಸೂರಿನ ತಾಯಿ

ಎಲ್ಲರಿಗೂ ಧನ್ಯವಾದಗಳು. ಬೀರುವಿನ ಕೀಲಿ ಈಗ ನನ್ನ ಬಳಿಯಿದೆ. ಪುಸ್ತಕಗಳನ್ನು ಓದುವ ಕ್ರಮದ ಬಗ್ಗೆ ಯಾರಾದರೂ ಹೇಳುವಿರಾ?

ಉತ್ತರ: ಇಂಗ್ಲಿಷ್ ಅಧ್ಯಾಪಕ, ಧಾರವಾಡ

ಬೀರುವಿನ ಮೂಲ 1955ರ ‘ದಿ ಮೆಜಿಶಿಯನ್ಸ್ ನೆಫ್ಯೂ’ ಪುಸ್ತಕದಲ್ಲಿದೆ. ಪ್ರೊಫೆಸರರು ಹುಡುಗನಾಗಿದ್ದಾಗ ನಾರ್ನಿಯಾದಿಂದ ತಂದ ಸೇಬನ್ನು ಕಾಯಿಲೆಯ ತಾಯಿಗೆ ತಿನ್ನಿಸಿ, ಉಳಿದ ತಿರುಳನ್ನು ಲಂಡನ್ನಿನ ಹಿತ್ತಲಿನಲ್ಲಿ ಹೂಳುತ್ತಾನೆ. ಅದರಿಂದ ಬೆಳೆದ ಮರ ಇಲ್ಲಿ ಗಾಳಿ ಬೀಸದಿದ್ದಾಗಲೂ ಒಮ್ಮೊಮ್ಮೆ ಅಲುಗುತ್ತಿತ್ತು, ಆಗ ನಾರ್ನಿಯಾದಲ್ಲಿ ಗಾಳಿ ಬೀಸುತ್ತಿದ್ದಿರಬೇಕು. ಬಿರುಗಾಳಿಗೆ ಆ ಮರ ಬಿದ್ದಾಗ ಅವರು ಅದರ ಹಲಗೆಯಿಂದ ಮಾಡಿಸಿದ್ದೇ ಈ ಬೀರು. ಲೂಸಿಯ ಮಾತನ್ನು ಅವರು ತಳ್ಳಿಹಾಕದೆ, ಅವಳು ಸುಳ್ಳಿಯೂ ಅಲ್ಲ, ಹುಚ್ಚಿಯೂ ಅಲ್ಲ ಎಂದಮೇಲೆ ಹೇಳಿದ್ದು ನಿಜವೇ ಆಗಿರಬೇಕು ಎಂದು ವಾದಿಸಿದ್ದರ ಹಿಂದಿನ ಕಾರಣ ನಮಗೆ ಆಗ ತಿಳಿಯುತ್ತದೆ.

1994ರಿಂದ ಹಾರ್ಪರ್ ಕಾಲಿನ್ಸ್ ಮುದ್ರಣಗಳಲ್ಲಿ ಇದಕ್ಕೇ ಒಂದನೆಯ ಸಂಖ್ಯೆ ಕೊಟ್ಟಿದ್ದಾರೆ. 1957ರಲ್ಲಿ ಅಮೆರಿಕದ ಬಾಲಕನೊಬ್ಬನಿಗೆ ಬರೆದ ಪತ್ರದಲ್ಲಿ ಲೂಯಿಸ್ ಅವರೂ ಕಾಲಾನುಕ್ರಮದ ಓದಿಗೆ ಒಲವು ತೋರಿದ್ದರು, ಆದರೆ ಯಾವ ಕ್ರಮದಲ್ಲಿ ಓದಿದರೂ ಬಹುಶಃ ಹೆಚ್ಚೇನೂ ವ್ಯತ್ಯಾಸವಾಗದು ಎಂದೂ ಅದರಲ್ಲೇ ಬರೆದಿದ್ದರು. ಅವರ ಒಲವಿಗೆ ವಿರುದ್ಧವಾಗಿ, 1950ರ ಪುಸ್ತಕವನ್ನೇ ಮೊದಲು ಮುಗಿಸಿ ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ಮರದ ಕಥೆ ಮೊದಲೇ ಗೊತ್ತಾದರೆ ಲೂಸಿಯ ಕೈಗೆ ಹಿಮ ತಾಕುವಾಗ ಮಗುವಿಗೆ ಅಚ್ಚರಿಯಾಗದು, ಹಲಗೆ ತಟ್ಟುವಾಗ ನಿಮ್ಮ ಮಗಳಿಗೆ ಬಂದಂಥ ಸಿಟ್ಟೂ ಬಾರದು. ಆ ಸಿಟ್ಟಿನೊಂದಿಗೇ ಅವಳು ಪ್ರೊಫೆಸರರ ಮಾತಿನವರೆಗೆ ಬರಲಿ. 1955ರ ಪುಸ್ತಕವನ್ನು ಅದು ಬಂದ ಕ್ರಮದಲ್ಲೇ, ಆರನೆಯದಾಗಿ, ಓದಿ ಹೇಳಿ.