ಅಮೆರಿಕದ ರಸ್ತೆ ಬೋರ್ಡುಗಳು: ಹೊಸದಾಗಿ ಬಂದವರಿಗೂ, ಹಿಂದಿನ ಸೀಟಿನ ಮಕ್ಕಳಿಗೂ

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳಿಗೆ) ಹೊಸದಾಗಿ ಬಂದವರೆಲ್ಲ ಕೇಳೋದು ಒಂದೇ ಮಾತು: "ಫೋನಿನಲ್ಲಿ ಮ್ಯಾಪ್ ಇದೆಯಲ್ಲ, ಬೋರ್ಡೆಲ್ಲ ಓದಿ ಏನಾಗಬೇಕು?" ನಮ್ಮೂರಲ್ಲಿ ದಾರಿ ಗೊತ್ತಾಗದಿದ್ದರೆ ಗಾಡಿ ನಿಲ್ಲಿಸಿ ಬೀಡಾ ಅಂಗಡಿಯವನನ್ನು ಕೇಳಿದರೆ ಆಯ್ತು. "ಸೀದಾ ಹೋಗಿ, ಆಂಜನೇಯನ ಗುಡಿ ಹತ್ತಿರ ಎಡಕ್ಕೆ ತಗೊಳ್ಳಿ" ಅಂತ ಕೈ ತೋರಿಸುತ್ತಾನೆ. ಗಂಟೆಗೆ 65 ಮೈಲಿಯಲ್ಲಿ ಓಡೋ ಫ್ರೀವೇಯಲ್ಲಿ ಯಾರನ್ನು ಕೇಳ್ತೀರಿ? ಫೋನ್ "ಬಲಕ್ಕೆ ಹೋಗಿ" ಅನ್ನುವ ಹೊತ್ತಿಗೆ ನೀವು ನಾಲ್ಕು ಲೇನು ಎಡಗಡೆ ಇರುತ್ತೀರಿ. ಜೊತೆಗೆ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಪ್ ನೋಡೋಕೂ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ಸ್ಟ್ಯಾಂಡಿನಲ್ಲಿ ಕೂರಿಸಿರಬೇಕು. ಇಲ್ಲಿನ ಬೋರ್ಡುಗಳಿಗೆ ಒಂದು ಲೆಕ್ಕಾಚಾರ ಇದೆ. ಅದು ತಲೆಗೆ ಹತ್ತಿದರೆ ಅರ್ಧ ಭಯ ಹೋಗುತ್ತದೆ.

ಮೊದಲು ನಂಬರುಗಳು. ನೀಲಿ ಗುರಾಣಿ, ಅದರ ತಲೆ ಮೇಲೆ ಕೆಂಪು ಪಟ್ಟಿ ಕಂಡರೆ ಅದು ಇಂಟರ್‌ಸ್ಟೇಟ್, ಅಂದರೆ ದೇಶದ ಉದ್ದಗಲಕ್ಕೂ ಹಬ್ಬಿರೋ ದೊಡ್ಡ ಹೆದ್ದಾರಿಗಳಲ್ಲೊಂದು. ಬೆಸ ಸಂಖ್ಯೆ ಇದ್ದರೆ ಉತ್ತರ-ದಕ್ಷಿಣ, ಸಮ ಸಂಖ್ಯೆ ಇದ್ದರೆ ಪೂರ್ವ-ಪಶ್ಚಿಮ. ಬೆಸ ಸಂಖ್ಯೆಗಳು ಪಶ್ಚಿಮದಿಂದ ಪೂರ್ವಕ್ಕೆ ಏರುತ್ತವೆ: ನಮ್ಮ ಕಡೆ 5, ಆ ತುದಿಯ ಅಟ್ಲಾಂಟಿಕ್ ಕಡೆ 95. ಸಮ ಸಂಖ್ಯೆಗಳು ದಕ್ಷಿಣದಿಂದ ಉತ್ತರಕ್ಕೆ: ಲಾಸ್ ಏಂಜಲೀಸ್ ಕಡೆಯಿಂದ ಹೊರಡೋದು 10, ಸಿಯಾಟಲ್‌ನಿಂದ ಹೊರಡೋದು 90. ಭಾರತದಲ್ಲಿ 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟಾಗ ಇದಕ್ಕೆ ಪೂರ್ತಿ ಉಲ್ಟಾ ಇಟ್ಟರು. ಉಡುಪಿ, ಕಾರವಾರದ ಮೇಲೆ ಹೋಗೋ 66 ಸಮ ಸಂಖ್ಯೆ, ಅದು ಉತ್ತರ-ದಕ್ಷಿಣ. ಮಂಗಳೂರು ಕಡೆಯಿಂದ ಹಾಸನದ ಮೇಲೆ ಬೆಂಗಳೂರಿಗೆ ಬರೋ 75 ಬೆಸ, ಅದು ಪೂರ್ವ-ಪಶ್ಚಿಮ. ಊರಿನ ನೆನಪಲ್ಲಿ ಇಲ್ಲಿ ಲೆಕ್ಕ ಹಾಕಬೇಡಿ.

ಮೂರು ಅಂಕಿ ಇದ್ದರೆ ಕೊನೆಯ ಎರಡನ್ನು ನೋಡಿ. 280, 380, 680, 880 ಎಲ್ಲವೂ 80ರ ಮಕ್ಕಳು. ಮೊದಲ ಅಂಕಿ ಸಮ ಇದ್ದರೆ ಸಾಮಾನ್ಯವಾಗಿ ಊರನ್ನು ಬಳಸಿಕೊಂಡೋ, ಒಳಗೆ ಹಾದೋ ಇನ್ನೊಂದು ದೊಡ್ಡ ರಸ್ತೆಗೆ ಸೇರುತ್ತದೆ. ಬೆಸ ಇದ್ದರೆ ಒಂದು ಕವಲು, 380 ಥರ: 280ರಿಂದ ಏರ್‌ಪೋರ್ಟ್ ಕಡೆಗೆ ಹೋಗಿ ಮುಗಿದೇ ಹೋಯ್ತು. 238 ಮಾತ್ರ ಅಪ್ಪ ಇಲ್ಲದ ಮಗು. 38 ಅನ್ನೋ ಇಂಟರ್‌ಸ್ಟೇಟೇ ಇಲ್ಲ, ರಾಜ್ಯ ಹೆದ್ದಾರಿಯ ಹಳೇ ನಂಬರನ್ನೇ ಇಂಟರ್‌ಸ್ಟೇಟಿಗೂ ಹಾಕಿಬಿಟ್ಟಿದ್ದಾರೆ.

ಇನ್ನು ದಿಕ್ಕು. ಹೊಸಬರು ಜಾಸ್ತಿ ಒದ್ದಾಡೋದು ಇಲ್ಲೇ. ಬೋರ್ಡಿನ ಮೇಲಿನ ನಾರ್ತ್, ಈಸ್ಟ್ ಅನ್ನೋದು ಇಡೀ ಹೆದ್ದಾರಿಯ ದಿಕ್ಕು, ನಿಮ್ಮ ಕಾರಿನ ಮೂತಿ ಇರೋ ದಿಕ್ಕು ಅಂತ ತಿಳಿಯಬೇಡಿ. ಸನಿವೇಲ್ ಊರಿನ ಹತ್ತಿರ 101 (ಇದು ಇಂಟರ್‌ಸ್ಟೇಟ್ ಅಲ್ಲ, ಬೇರೆ ಹೆದ್ದಾರಿ) ನಾರ್ತ್ ಹಿಡಿದರೆ ಸಂಜೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ, ಯಾಕೆಂದರೆ ಅಲ್ಲಿ ರಸ್ತೆ ಹೆಚ್ಚುಕಮ್ಮಿ ಪಶ್ಚಿಮಕ್ಕೇ ಹೋಗುತ್ತದೆ. ಇದಕ್ಕಿಂತ ಮಜಾ ಬರ್ಕ್ಲಿ ಹತ್ತಿರ, ಕೊಲ್ಲಿಯ ದಂಡೆಯಲ್ಲಿ. ಒಂದೇ ರಸ್ತೆ, ಒಂದೇ ಬೋರ್ಡು. ಅದರ ಮೇಲೆ 80 ಈಸ್ಟ್, ಪಕ್ಕದಲ್ಲೇ 580 ವೆಸ್ಟ್. ಕಾರು ಹೋಗ್ತಾ ಇರೋದು ಉತ್ತರಕ್ಕೆ! ದಿಕ್ಸೂಚಿ ನಂಬಿ ಹೋದವರು ಅಲ್ಲಿ ತಲೆ ಕೆರೆದುಕೊಳ್ಳಬೇಕು ಅಷ್ಟೆ.

ಅದಕ್ಕೆ ದಿಕ್ಕಿಗಿಂತ ಬೋರ್ಡಿನಲ್ಲಿ ಬರೆದ ಊರಿನ ಹೆಸರು ಹಿಡಿಯಿರಿ. ನಮ್ಮ ಬಸ್ಸುಗಳ ಬೋರ್ಡು ಓದಿದ ಹಾಗೆಯೇ. ಲಿವರ್‌ಮೋರ್ ದೇವಸ್ಥಾನದಿಂದ ಫ್ರೀಮಾಂಟಿಗೆ ವಾಪಸ್ ಬರಬೇಕಾ? 580ರಲ್ಲಿ "ಓಕ್‌ಲ್ಯಾಂಡ್" ಕಡೆ ಬನ್ನಿ, ಡಬ್ಲಿನ್‌ನಲ್ಲಿ 680ಕ್ಕೆ "ಸ್ಯಾನ್ ಹೋಸೆ" ಕಡೆ ತಿರುಗಿ. ಮನೆಯಿಂದ ಹೊರಡೋ ಮುಂಚೆ ಮ್ಯಾಪನ್ನು ಒಮ್ಮೆ ಚಿಕ್ಕದು ಮಾಡಿ ಇಡೀ ದಾರಿ ನೋಡಿ, ಈ ಎರಡು ಹೆಸರು ಮನಸ್ಸಲ್ಲಿಟ್ಟುಕೊಂಡರೆ ಸಾಕು. ಫೋನ್ ಸತ್ತರೂ ಮನೆ ಸೇರಬಹುದು.

ಎಕ್ಸಿಟ್ ಬೋರ್ಡನ್ನು ಸ್ವಲ್ಪ ನಿಧಾನವಾಗಿ ನೋಡಿ. ದೊಡ್ಡ ಹಸಿರು ಹಲಗೆ, ಅದರ ಮೇಲೆ ಒಂದು ಮೂಲೆಯಲ್ಲಿ ಎಕ್ಸಿಟ್ ನಂಬರಿನ ಪುಟ್ಟ ಪಟ್ಟಿ. ಅದು ಬಲ ಮೂಲೆಯಲ್ಲಿದ್ದರೆ ಎಕ್ಸಿಟ್ ಬಲಕ್ಕೆ, ಎಡ ಮೂಲೆಯಲ್ಲಿದ್ದರೆ ಎಡಕ್ಕೆ. ಎಡದ ಎಕ್ಸಿಟ್ ಅಪರೂಪ, ಹಾಗಾಗಿ ಹಳದಿ ಬಣ್ಣದಲ್ಲಿ "ಲೆಫ್ಟ್" ಅಂತಲೂ ಹಾಕಿರುತ್ತಾರೆ. ಹಲಗೆಯ ಕೆಳಗೆ ಹಳದಿ ಮೇಲೆ ಕಪ್ಪಕ್ಷರದಲ್ಲಿ "ಎಕ್ಸಿಟ್ ಓನ್ಲಿ" ಇದ್ದರೆ ಆ ಲೇನು ಮುಂದೆ ಹೋಗೋದಿಲ್ಲ, ನಿಮ್ಮನ್ನು ಹೊರಗೆ ಕರೆದುಕೊಂಡೇ ಹೋಗುತ್ತದೆ. ಹೋಗಬೇಕಾಗಿರಲಿಲ್ಲವಾ? ಸುಮ್ನೆ ಹೋಗಿಬಿಡಿ. ಮುಂದಿನ ಸಿಗ್ನಲ್‌ನಲ್ಲಿ ವಾಪಸ್ ಬರಬಹುದು. ಕೊನೇ ಗಳಿಗೆಯಲ್ಲಿ ಗೀಟು ದಾಟಿ ನುಗ್ಗಬೇಡಿ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ, ಡಿಎಂವಿ (ಇಲ್ಲಿನ ಆರ್‌ಟಿಒ ಥರದ ಇಲಾಖೆ) ಕೈಪಿಡಿಯಲ್ಲಿ ಚೆನ್ನಾಗಿದೆ. ಹಳದಿ ಎಚ್ಚರಿಕೆ, ಕಿತ್ತಳೆ ಕಾಮಗಾರಿ, ಕಂದು ಪಾರ್ಕು ಮತ್ತು ಪ್ರವಾಸಿ ಜಾಗ, ನೀಲಿ ಪೆಟ್ರೋಲು-ಊಟ-ಆಸ್ಪತ್ರೆ. ಬಿಳಿ ಹಲಗೆಯ ವೇಗ ಕಾನೂನಿನ ಮಿತಿ, ತಿರುವಿನಲ್ಲಿರೋ ಹಳದಿ ಹಲಗೆಯ ವೇಗ ಸಲಹೆ. ಆದರೆ ಎಕ್ಸಿಟ್ ಸುತ್ತಿಕೊಂಡು ಇಳಿಯೋ ಕಡೆ ಹಳದಿ ಹಲಗೆಯಲ್ಲಿ 25 ಅಂತ ಇದ್ದರೆ ಅದನ್ನು ಸುಮ್ನೆ ಹಾಕಿಲ್ಲ. ಬೆಂಗಳೂರಿನಲ್ಲಿ ಓಡಿಸಿದವರು ಮುಖ್ಯವಾಗಿ ಕಲಿಯಬೇಕಾದ್ದು ರಸ್ತೆ ಮೇಲಿನ ಗೀಟು. ಹಳದಿ ಗೀಟಿನ ಆಚೆ ಎದುರಿನಿಂದ ಬರೋ ಗಾಡಿಗಳು, ಬಿಳಿ ಗೀಟಿನ ಆಚೆ ನಿಮ್ಮ ಜೊತೆ ಹೋಗೋ ಗಾಡಿಗಳು. ಹಳದಿ ಯಾವಾಗಲೂ ನಿಮ್ಮ ಎಡಗಡೆ ಇರಬೇಕು. ಬಲಗಡೆ ಕಂಡರೆ ನೀವು ತಪ್ಪು ಬದಿಯಲ್ಲಿದ್ದೀರಿ.

ಸ್ಟಾಪ್ ಬೋರ್ಡಿನ ಬಗ್ಗೆ ಮಾತ್ರ ಉದ್ದ ಹೇಳಲೇಬೇಕು. ಎಂಟು ಮೂಲೆಯ ಕೆಂಪು ಹಲಗೆ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು, ರಾತ್ರಿ ಎರಡು ಗಂಟೆಗೆ ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ. ನಿಂತ ಮೇಲೆ ಆ ಹಲಗೆಯ ಕೆಳಗೆ ಒಂದು ಚಿಕ್ಕ ಪಟ್ಟಿ ಇದೆಯಾ ನೋಡಿ. "ಆಲ್ ವೇ" ಅಂತಿದ್ದರೆ ಎಲ್ಲ ಕಡೆಯವರೂ ನಿಲ್ಲುತ್ತಾರೆ: ಮೊದಲು ಬಂದವರು ಮೊದಲು ಹೋಗೋದು, ಒಟ್ಟಿಗೇ ಬಂದರೆ ನಿಮ್ಮ ಬಲಗಡೆಯವರಿಗೆ ಬಿಡೋದು. ಆ ಪಟ್ಟಿ ಇಲ್ಲದಿದ್ದರೆ ಅಡ್ಡ ರಸ್ತೆಯವರು ನಿಲ್ಲುತ್ತಾರೆ ಅಂತ ನಂಬಲೇಬೇಡಿ. ಅವರು 40 ಮೈಲಿಯಲ್ಲಿ ಬರ್ತಾ ಇರಬಹುದು. ಅಂಗೈಯಗಲದ ಪಟ್ಟಿ ಅದು, ಆದರೆ ನನ್ನ ಪ್ರಕಾರ ಇಲ್ಲಿನ ಎಲ್ಲ ಬೋರ್ಡಿಗಿಂತ ಅದೇ ಮುಖ್ಯ. ಕೆಂಪು ಸಿಗ್ನಲ್‌ನಲ್ಲಿ ಬಲಕ್ಕೆ ತಿರುಗಬಹುದು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮೊದಲು ಪೂರ್ತಿ ನಿಲ್ಲಬೇಕು, ಕೆಂಪು ಬಾಣ ಇದ್ದರೆ ಇಲ್ಲಿ ತಿರುಗುವಂತಿಲ್ಲ ಅನ್ನೋದನ್ನು ಮರೆಯುತ್ತಾರೆ. ನ್ಯೂಯಾರ್ಕ್ ನಗರಕ್ಕೆ ಹೋದರೆ, ತಿರುಗಬಹುದು ಅಂತ ಬೋರ್ಡು ಇದ್ದ ಕಡೆ ಬಿಟ್ಟು, ಕೆಂಪಿನಲ್ಲಿ ಬಲಕ್ಕೆ ತಿರುಗೋದೇ ಇಲ್ಲ.

ಮಕ್ಕಳಿರೋ ಮನೆಯವರು ಸ್ಕೂಲ್ ಬಸ್ಸಿನ ನಿಯಮ ಗಟ್ಟಿಯಾಗಿ ತಿಳಿದಿರಬೇಕು. ಹಳದಿ ದೀಪ ಮಿನುಗಿದರೆ ನಿಧಾನ ಮಾಡಿ, ನಿಲ್ಲೋಕೆ ತಯಾರಾಗಿ. ಕೆಂಪು ದೀಪ ಮಿನುಗಿದರೆ ಬಸ್ಸಿನ ಹಿಂದಿನವರೂ ಎದುರಿನವರೂ ನಿಲ್ಲಬೇಕು. ಎರಡು ಲೇನಿನ ಮಾಮೂಲಿ ರಸ್ತೆಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಮಧ್ಯೆ ಡಿವೈಡರ್ ಇದ್ದರೆ ಅಥವಾ ಒಂದೊಂದು ಕಡೆ ಎರಡೆರಡು ಲೇನು ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ ಎದುರಿನವರು ನಿಲ್ಲಬೇಕಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಡಿವೈಡರ್ ಇದ್ದರೂ ನಿಲ್ಲಲೇಬೇಕು. ರಾಜ್ಯ ಬದಲಾದರೆ ನಿಯಮವೂ ಬದಲಾಗುತ್ತದೆ, ಪ್ರವಾಸ ಹೋಗೋ ಮುಂಚೆ ನೋಡಿಕೊಳ್ಳಿ.

ಈಗ ಹಿಂದಿನ ಸೀಟಿನವರ ವಿಷಯ. ನಮ್ಮ ಮಕ್ಕಳು ಹತ್ತು ವರ್ಷ ಅದೇ ದಾರಿಯಲ್ಲಿ ಕನ್ನಡ ಶಾಲೆಗೆ ಹೋಗಿ ಬಂದರೂ ಮನೆ ಯಾವ ದಿಕ್ಕಿಗಿದೆ ಅಂತ ಹೇಳಲಾರರು. ಕಣ್ಣೆಲ್ಲ ಟ್ಯಾಬ್ಲೆಟ್ ಮೇಲೆ. ದೂರದ ಪ್ರಯಾಣದಲ್ಲಿ ಟ್ಯಾಬ್ಲೆಟ್ ಒಳಗಿಡಿಸಿ, ಎಕ್ಸಿಟ್ ನಂಬರಿನ ಲೆಕ್ಕ ಕೊಡಿ. ಇಲ್ಲಿ ಆ ನಂಬರು ಅಂದರೆ ಹೆದ್ದಾರಿ ರಾಜ್ಯದೊಳಗೆ ಶುರುವಾದ ದಕ್ಷಿಣ ಅಥವಾ ಪಶ್ಚಿಮ ತುದಿಯಿಂದ ಎಷ್ಟನೇ ಮೈಲಿ ಅನ್ನೋದು. ಒಂದೇ ಮೈಲಿಯಲ್ಲಿ ಎರಡು ಎಕ್ಸಿಟ್ ಬಂದರೆ ಎ, ಬಿ ಅಂತ ಹಾಕುತ್ತಾರೆ. ಲಾಸ್ ಏಂಜಲೀಸಿಗೆ 5ರಲ್ಲಿ ಹೋಗುವಾಗ ಹ್ಯಾರಿಸ್ ರ‍್ಯಾಂಚ್ ಎಕ್ಸಿಟ್ 334, ಕೆಟಲ್‌ಮನ್ ಸಿಟಿ 309. "ಅಮ್ಮಾ, ಇನ್ನೆಷ್ಟು ದೂರ?" ಅಂದರೆ "ನೀನೇ 334ರಿಂದ 309 ಕಳೆ ನೋಡೋಣ" ಅನ್ನಿ. 25 ಮೈಲಿ, ಅಂದರೆ 40 ಕಿಲೋಮೀಟರು. ಊರಿಂದ ಬಂದ ತಾತನಿಗೆ ಕಿಲೋಮೀಟರಿನಲ್ಲಿ ಹೇಳೋ ಕೆಲಸವೂ ಅವರಿಗೇ ಇರಲಿ. ಬೋರ್ಡು ನೋಡಿ, "ಅಪ್ಪಾ, ಎರಡನೇ ಲೇನಿಗೆ ಬಾ" ಅಂತ ಹೇಳೋದು ಎಂಟು ವರ್ಷದವರಿಗೂ ಬರುತ್ತದೆ, ಒಂಥರಾ ದೊಡ್ಡಸ್ತಿಕೆ ಬೇರೆ.

ಯೊಸೆಮಿಟಿ, ಬಿಗ್ ಸರ್ ಕಡೆ ಹೋಗೋದಾದರೆ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಅಲ್ಲಿ ಸಿಗ್ನಲ್ ಸಿಗೋದು ಕಷ್ಟ. ಹಿಮ ಬಿದ್ದಾಗ ಟಾಹೋ ದಾರಿಯಲ್ಲಿ ಚಕ್ರಕ್ಕೆ ಚೈನ್ ಹಾಕಬೇಕು ಅಂತ ಬೋರ್ಡು ಹಾಕಿದ್ದರೆ ಮ್ಯಾಪ್ ಹೇಳೋ ಸಮಯವನ್ನೆಲ್ಲ ಮರೆತುಬಿಡಿ. ಅಡ್ಡದಾರಿ ತೋರಿಸಿತು ಅಂತ ಬೆಟ್ಟದ ಸಣ್ಣ ರಸ್ತೆಗೆ ಇಳಿಯಬೇಡಿ.

ಮಕ್ಕಳ ಲೈಸೆನ್ಸ್ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಹದಿನೈದೂವರೆ ವರ್ಷಕ್ಕೆ ಓಡಿಸೋದು ಕಲಿಯೋ ಪರ್ಮಿಟ್ ಸಿಗುತ್ತದೆ. ಆಮೇಲೆ ಕನಿಷ್ಠ ಆರು ತಿಂಗಳು, ದೊಡ್ಡವರ ಜೊತೆ 50 ಗಂಟೆ ಅಭ್ಯಾಸ, ಅದರಲ್ಲಿ 10 ಗಂಟೆ ರಾತ್ರಿ. ಹದಿನಾರಕ್ಕೆ ಲೈಸೆನ್ಸ್ ಬಂದರೂ ಮೊದಲ ವರ್ಷ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, 20 ವರ್ಷದೊಳಗಿನ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಆ 50 ಗಂಟೆಯಲ್ಲಿ ಕೆಲವನ್ನಾದರೂ ಫೋನ್ ಆಫ್ ಮಾಡಿ, ಬರೀ ಬೋರ್ಡು ನೋಡಿ ಓಡಿಸಲಿ. ದೇವಸ್ಥಾನದ ದಾರಿಯಿಂದಲೇ ಶುರು ಮಾಡಬಹುದು.

ಆಸ್ಟಿನ್, ಸಿಯಾಟಲ್, ನ್ಯೂಜೆರ್ಸಿ ಕಡೆಯವರು ನಿಮ್ಮ ರಾಜ್ಯದ ಸ್ಕೂಲ್ ಬಸ್ ನಿಯಮ ಮತ್ತು ಮಕ್ಕಳ ಪರ್ಮಿಟ್ ವಯಸ್ಸು ಕೆಳಗೆ ಬರೆಯಿರಿ. ಬೇಸಿಗೆ ರಜೆಗೆ ಕಾರಿನಲ್ಲಿ ಬರುವವರಿಗೆ ಬೇಕಾಗುತ್ತದೆ.