ಸೈಕಲ್ ಖರ್ಚನ್ನು ಕಂಪನಿಯಿಂದ ಪಡೆಯೋದು ಹೆಂಗ್ರಿ? (ಕೊಪ್ಪಳ)

ಪ್ರಶ್ನೆ: ಕೊಪ್ಪಳದಿಂದ ಗಿಣಿಗೇರಿ ಕಾರ್ಖಾನೆಗೆ ದಿನಾ ಸೈಕಲ್ ಮ್ಯಾಲೆ ಹೋಗೋದು. ಟೈರ್, ಟ್ಯೂಬ್, ಸರ್ವೀಸ್ ಖರ್ಚು ಕೊಡ್ತೀವಿ, ಬಿಲ್ ತರ್ರಿ ಅಂತಾರ ಎಚ್‌ಆರ್‌ನವರು. ಪಂಕ್ಚರ್ ಅಂಗಡ್ಯಾಗ ಬಿಲ್ಲೇ ಇಲ್ಲ. ತೆರಿಗೆನೂ ಬೀಳ್ತದೇನ್ರಿ?

ಉತ್ತರ 1: ಮೊದಲು ಏನೇನಕ್ಕೆ, ತಿಂಗಳಿಗೆ ಎಷ್ಟರವರೆಗೆ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಅಕೌಂಟ್ಸ್‌ನಲ್ಲಿ ನಡೆಯೋದಿಲ್ಲ. ಬಿಲ್ ಇಲ್ಲದ ಕಡೆ ಕ್ಯಾಶ್ ವೋಚರ್ ಸಾಕು: ದಿನಾಂಕ, ಕೆಲಸ, ಮೊತ್ತ, ಅಂಗಡಿಯವರ ಸಹಿ. ಹಣ ಫೋನ್‌ಪೇಯಲ್ಲಿ ಕೊಟ್ಟು ಅದರ ಸ್ಕ್ರೀನ್‌ಶಾಟ್ ಲಗತ್ತಿಸಿ. "ಸೈಕಲ್ ರಿಪೇರಿ" ಅಂತಷ್ಟೇ ಬರೆದರೆ ವಾಪಸ್ ಬರುತ್ತೆ. "ಹಿಂದಿನ ಚಕ್ರದ ಟ್ಯೂಬ್ ಬದಲಾವಣೆ, 1" ಅಂತ ಬರೆಸಿ.

ಉತ್ತರ 2: ತೆರಿಗೆ ಬೀಳುತ್ತದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ಖರ್ಚು ಕೊಟ್ಟರೆ ಅದು ಸಂಬಳದ ಲೆಕ್ಕಕ್ಕೇ ಸೇರುತ್ತದೆ. ತಿಂಗಳಿಗೆ 1,600 ರೂಪಾಯಿಯ ಸಾರಿಗೆ ಭತ್ಯೆ ವಿನಾಯಿತಿ 2018ರ ಏಪ್ರಿಲ್‌ನಿಂದ ಸಾಮಾನ್ಯ ನೌಕರರಿಗಿಲ್ಲ, ಬದಲಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮೊದಲು ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ಬಂತು. ಆದರೆ ಡ್ಯೂಟಿ ಮೇಲೆ ಆಫೀಸಿನಿಂದ ಬ್ಯಾಂಕಿಗೋ ಗೋದಾಮಿಗೋ ಓಡಾಡಿದ್ದಕ್ಕೆ ನಿಜವಾಗಿ ಆದ ಖರ್ಚಿಗೆ ವಿನಾಯಿತಿ ಉಂಟು. ಅದನ್ನು ಬೇರೆ ಪುಸ್ತಕದಲ್ಲೇ ಬರೆದಿಡಿ, ಎರಡನ್ನೂ ಕಲಸಬೇಡಿ.

ಉತ್ತರ 3: ನಮ್ ಕಡೆ ಬಳ್ಳಾರಿ ಜಾಲಿ ಮುಳ್ಳಿಂದೇ ದೊಡ್ಡ ಕಾಟ. ಒಂದೇ ವಾರದಾಗ ಎರಡು ಪಂಕ್ಚರ್ ಬಿಲ್ ಹೋದ್ರ ಅಕೌಂಟ್ಸ್‌ನವರು ಅನುಮಾನ ಪಡ್ತಾರ. ಖರೇ ಕಾರಣ, ಮುಳ್ಳಿನ ತುದಿ ಟೈರ್‌ನಾಗೇ ಮುರಿದು ಉಳಿದಿರ್ತದ, ಹೊಸ ಟ್ಯೂಬಿಗೂ ಚುಚ್ತದ. ಟ್ಯೂಬ್ ಹಾಕೋ ಮೊದ್ಲು ಟೈರ್ ಒಳಗ ಹತ್ತಿ ಆಡಿಸ್ರಿ, ಎಳೆ ಸಿಕ್ಕಿಕೊಂಡ ಜಾಗದಾಗ ಮುಳ್ಳು ಐತಿ. ಚಿಮಟಿಗೆಯಿಂದ ಕೀಳ್ರಿ.